ಸೂಜಿ ಹಾಕುವ ಕೋಣೆಯಲ್ಲೇ ಮನಸ್ಸಿನ ಮಾತು: ಡಾ. ಅನುಪಮಾ ನಿರಂಜನ ಅರ್ಧಕ್ಕೆ ಬಿಟ್ಟುಹೋದ ಕೆಲಸ

ಅನುಪಮಾ ನಿರಂಜನ ಅಂದ ಕೂಡಲೇ ನಮಗೆ ನೆನಪಾಗೋದು ಕಾದಂಬರಿಗಳು. ‘ಮಾಧವಿ’ಯನ್ನು ಪಠ್ಯದಲ್ಲೋ ವಿಚಾರ ಸಂಕಿರಣದಲ್ಲೋ ಕೇಳಿರುತ್ತೀರಿ. ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದ ‘ಋಣಮುಕ್ತಳು’ ಗೊತ್ತಿರುತ್ತೆ. ಸ್ತ್ರೀವಾದದ ಚರ್ಚೆಯಲ್ಲಿ ತ್ರಿವೇಣಿ, ಎಂ.ಕೆ. ಇಂದಿರಾ ಹೆಸರುಗಳ ಜೊತೆ ಅವರ ಹೆಸರೂ ಬರುತ್ತೆ. ಆದರೆ ಆ ಹೆಸರಿನ ಮುಂದಿದ್ದ ‘ಡಾ.’ ಅನ್ನೋದು ಪಿಎಚ್‌.ಡಿ.ಯದ್ದಲ್ಲ, ಸ್ಟೆತಾಸ್ಕೋಪಿನದ್ದು ಅನ್ನೋದನ್ನ ಬಹಳ ಜನ ಮರೆತಿದ್ದಾರೆ. ಆಕೆ ಎಂಬಿಬಿಎಸ್ ಓದಿದ ಸಾಮಾನ್ಯ ವೈದ್ಯೆ. ಮನೋವೈದ್ಯೆಯಲ್ಲ, ಮಕ್ಕಳ ತಜ್ಞೆಯೂ ಅಲ್ಲ. ಜ್ವರ, ಕೆಮ್ಮು, ಬಸಿರು, ಬಾಣಂತನ ಅಂತ ಬಂದವರನ್ನೆಲ್ಲ ನೋಡುವ, ಇವತ್ತಿನ ಪಿಎಚ್‌ಸಿ ಡಾಕ್ಟರಿಗೆ ಸಮನಾದ ವೈದ್ಯೆ.

ಈಗ ಅವರ ಬದುಕನ್ನ ಮತ್ತೆ ಓದೋಕೆ ಒಂದು ಕಾರಣ ಇದೆ. ಮಕ್ಕಳ ಮನಸ್ಸಿನ ಆರೋಗ್ಯವನ್ನ ದೊಡ್ಡಾಸ್ಪತ್ರೆಯಿಂದ ಬಿಡಿಸಿ, ಲಸಿಕೆ ಹಾಕುವ ಜಾಗಕ್ಕೇ ತರಬೇಕು ಅನ್ನೋ ಮಾತು ಜಗತ್ತಿನಾದ್ಯಂತ ನಡೀತಿದೆ. ಇದನ್ನ ಹೊರಗಿನಿಂದ ಬಂದ ಹೊಸ ವಿಚಾರ ಅಂದುಕೊಳ್ಳಬೇಕಿಲ್ಲ. ದೇಹದ ಪಾಠ, ಮನಸ್ಸಿನ ಪಾಠ, ಮಗುವಿನ ಪಾಠ ಮೂರನ್ನೂ ಒಂದೇ ಕೈಯಲ್ಲಿ ಬರೆದ ವೈದ್ಯೆ ಕನ್ನಡದಲ್ಲಿ ಅರ್ಧ ಶತಮಾನದ ಹಿಂದೆಯೇ ಇದ್ದರು. ಹಾಗಿದ್ದೂ ಹಿರಿಯೂರು ತಾಲೂಕಿನ ಧರ್ಮಪುರದಂಥ ಊರಿಗೆ ಅದು ಯಾಕೆ ತಲುಪಲಿಲ್ಲ ಅನ್ನೋದು ಇಲ್ಲಿನ ಪ್ರಶ್ನೆ.

ವೆಂಕಟಲಕ್ಷ್ಮಿ ಅನುಪಮಾ ಆದದ್ದು

1934ರ ಮೇ 17ರಂದು ತೀರ್ಥಹಳ್ಳಿಯಲ್ಲಿ ಹುಟ್ಟಿದ ಮಗುವಿಗೆ ಇಟ್ಟ ಹೆಸರು ವೆಂಕಟಲಕ್ಷ್ಮಿ. ಅನುಪಮಾ ಅನ್ನೋದು ಆಮೇಲೆ ಬಂದದ್ದು. ಹೆಣ್ಣುಮಗಳು ಹೈಸ್ಕೂಲು ಮುಗಿಸಿದರೇ ಮದುವೆ ತಡವಾಯ್ತು ಅನ್ನುತ್ತಿದ್ದ ಕಾಲದಲ್ಲಿ ಆಕೆ ಮೈಸೂರು ಮೆಡಿಕಲ್ ಕಾಲೇಜಿಗೆ ಸೇರಿದರು. ಆ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಹೋಗಿತ್ತು. ಸಂಸ್ಥಾನದ ಕಾಲದಲ್ಲಿ ಹುಟ್ಟಿದ ಕಾಲೇಜು, ಸ್ವಾತಂತ್ರ್ಯದ ನಂತರದ ಮೊದಲ ತಲೆಮಾರಿನ ಹುಡುಗಿಯರು. ಅಲ್ಲಿಗೆ ಬಂದವರಲ್ಲಿ ಈಕೆ ಒಬ್ಬರು.

1956ರಲ್ಲಿ ಎಂಬಿಬಿಎಸ್ ಮುಗಿಯಿತು. ಅದೇ ಹೊತ್ತಿಗೆ ಮದುವೆಯೂ ಆಯಿತು. ಗಂಡ ನಿರಂಜನ. ಕುಳಕುಂದ ಶಿವರಾಯ ಅನ್ನೋದು ಅವರ ಮೂಲ ಹೆಸರು. ಕಮ್ಯುನಿಸ್ಟ್ ಚಳವಳಿಯಿಂದ ಬಂದ ಲೇಖಕ, ಕಯ್ಯೂರಿನ ರೈತ ಹೋರಾಟದ ಮೇಲೆ ‘ಚಿರಸ್ಮರಣೆ’ ಬರೆದವರು. ಬರಹವನ್ನೇ ನಂಬಿ ಬದುಕಲು ಹೊರಟ ಗಂಡ, ವೈದ್ಯವೃತ್ತಿಯ ಹೆಂಡತಿ. ಆ ಕಾಲದ ಮಧ್ಯಮವರ್ಗದ ಮನೆಯ ಲೆಕ್ಕಾಚಾರವನ್ನೇ ತಿರುಗಿಸಿ ಹಾಕಿದ ಸಂಸಾರ ಅದು. ಮೊದಲು ಧಾರವಾಡದಲ್ಲಿ, ಆಮೇಲೆ ಬೆಂಗಳೂರಿನಲ್ಲಿ ಅನುಪಮಾ ವೈದ್ಯವೃತ್ತಿ ಮಾಡಿದರು. ತೇಜಸ್ವಿನಿ ಮತ್ತು ಸೀಮಂತಿನಿ ಅಂತ ಇಬ್ಬರು ಹೆಣ್ಣುಮಕ್ಕಳು.

ಕ್ಲಿನಿಕ್ ಮತ್ತು ಕಾದಂಬರಿ ಆಕೆಗೆ ಎರಡು ಬೇರೆ ಲೋಕಗಳಾಗಿರಲಿಲ್ಲ. ರೋಗಿಗಳಾಗಿ ಬಂದ ಹೆಂಗಸರ ಬದುಕೇ ಕತೆಗಳಿಗೆ ಹರಿಯಿತು. ಸಾಮಾನ್ಯ ವೈದ್ಯರ ಕೋಣೆಗೆ ಒಂದು ವಿಶೇಷ ಇದೆ. ಅಲ್ಲಿಗೆ ಯಾರೂ ನನಗೆ ದುಃಖ ಆಗಿದೆ ಅಂತ ಹೇಳಿಕೊಂಡು ಬರೋದಿಲ್ಲ. ತಲೆನೋವು, ಸುಸ್ತು, ಎದೆ ಹೊಡೆತ, ನಿದ್ದೆ ಬರಲ್ಲ ಅಂತ ಬರ್ತಾರೆ. ಮಕ್ಕಳ ವಿಷಯದಲ್ಲಂತೂ ಇದು ಇನ್ನೂ ನಿಜ. ಶಾಲೆಯ ಭಯ ಬೆಳಗಿನ ಹೊಟ್ಟೆನೋವಾಗಿ ಬರುತ್ತೆ. ಮನೆಯ ಜಗಳ ಆರು ವರ್ಷದ ಮಗು ಮತ್ತೆ ಹಾಸಿಗೆ ಒದ್ದೆ ಮಾಡೋದಾಗಿ ಬರುತ್ತೆ. ಕಿವಿಗೊಟ್ಟ ಡಾಕ್ಟರಿಗೆ ಅದು ಕೇಳಿಸುತ್ತೆ. ಕಿವಿಗೊಡದವರು ಹುಳದ ಮಾತ್ರೆ ಬರೆದು ಕಳಿಸ್ತಾರೆ.

ಮೂರು ವಯಸ್ಸು, ಮೂರು ಪುಸ್ತಕ

ಅನುಪಮಾ ಅವರ ಆರೋಗ್ಯ ಬರಹಗಳನ್ನ ಸಾಲಾಗಿ ಇಟ್ಟು ನೋಡಿ. ‘ತಾಯಿ-ಮಗು’ ಬಸಿರು, ಹೆರಿಗೆ, ಕೂಸಿನ ಆರೈಕೆಯ ಪುಸ್ತಕ. ‘ಕೇಳು ಕಿಶೋರಿ’ ಮೈನೆರೆಯುವ ವಯಸ್ಸಿನ ಹುಡುಗಿಗೆ. ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’ ಮದುವೆಯ ಹೊಸ್ತಿಲಲ್ಲಿ ನಿಂತವರಿಗೆ, ಹೊಸ್ತಿಲು ದಾಟಿದವರಿಗೆ. ಕೂಸು ಬೆಳೆದು ಹುಡುಗಿಯಾಗಿ, ಹುಡುಗಿ ಹೆಂಗಸಾಗಿ, ಹೆಂಗಸು ತಾಯಿಯಾಗುವ ಸುತ್ತು ಪೂರ್ತಿ ಅಲ್ಲಿದೆ. ಮುಟ್ಟು, ಗರ್ಭನಿರೋಧ, ಲೈಂಗಿಕತೆ ಇವೆಲ್ಲ ಮನೆಯಲ್ಲಿ ಪಿಸುಮಾತಿನಲ್ಲೂ ಬಾರದ ವಿಷಯಗಳಾಗಿದ್ದಾಗ ಒಬ್ಬ ಲೇಡಿ ಡಾಕ್ಟರು ಅಚ್ಚಗನ್ನಡದಲ್ಲಿ, ಹೆಸರು ಹಾಕಿಕೊಂಡು ಬರೆದರು. ಗೆಳತಿಯಿಂದ ಗೆಳತಿಗೆ, ಅಕ್ಕನಿಂದ ತಂಗಿಗೆ ಆ ಪುಸ್ತಕಗಳು ಕೈ ಬದಲಾಯಿಸಿದವು.

ಇದರ ಜೊತೆಗೇ ‘ದಿನಕ್ಕೊಂದು ಕಥೆ’. ಹನ್ನೆರಡು ಸಂಪುಟ, ವರ್ಷದ ಒಂದೊಂದು ದಿನಕ್ಕೂ ಒಂದೊಂದು ಕಥೆ. ಇದಕ್ಕೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂತು. ನಮ್ಮಲ್ಲಿ ಎಷ್ಟೋ ಜನ ಅಜ್ಜಿ ಮನೆಯ ಕಪಾಟಿನಲ್ಲಿ ಇದರ ಒಂದೆರಡು ಸಂಪುಟ ಕಂಡಿರುತ್ತೇವೆ. ಇದನ್ನ ಬರೀ ಮಕ್ಕಳ ಸಾಹಿತ್ಯ ಅಂತ ಪಕ್ಕಕ್ಕಿಡೋದು ಸುಲಭ. ಆದರೆ ವೈದ್ಯೆಯೊಬ್ಬರು ಬರೆದದ್ದು ಅನ್ನೋದನ್ನ ನೆನಪಿಟ್ಟುಕೊಂಡು ನೋಡಿದರೆ ಬೇರೆಯದೇ ಅರ್ಥ ಹುಟ್ಟುತ್ತೆ. ದಿನಕ್ಕೊಂದು ಕಥೆ ಅಂದರೆ ದಿನಕ್ಕೆ ಹತ್ತು ನಿಮಿಷ ದೊಡ್ಡವರೊಬ್ಬರು ಮಗುವಿನ ಪಕ್ಕ ಕೂರೋದು. ಮಗುವಿನ ಜೊತೆ ಮಾತಾಡಿ, ಓದಿ ಹೇಳಿ, ಆಡಿಸಿ ಅಂತ ಮಕ್ಕಳ ಡಾಕ್ಟರುಗಳು ಇವತ್ತು ಪ್ರಪಂಚದಾದ್ಯಂತ ತಂದೆತಾಯಿಗೆ ಹೇಳ್ತಾರೆ. ಮಿದುಳು ಬೆಳೆಯೋದು ಹಾಲು, ಮೊಟ್ಟೆಯಿಂದ ಮಾತ್ರ ಅಲ್ಲ, ಮಾತಿನಿಂದಲೂ ಹೌದು ಅನ್ನೋದು ಈಗ ಮಕ್ಕಳ ವೈದ್ಯದ ಮೂಲಪಾಠ.

ಎಪ್ಪತ್ತರ ದಶಕದ ಆರಂಭದಲ್ಲಿ ನಿರಂಜನರಿಗೆ ಪಾರ್ಶ್ವವಾಯು ಹೊಡೆಯಿತು. ಅದರ ನಂತರವೂ ಅವರು ಕೆಲಸ ನಿಲ್ಲಿಸಲಿಲ್ಲ. ಕಿರಿಯರ ವಿಶ್ವಕೋಶ ‘ಜ್ಞಾನ ಗಂಗೋತ್ರಿ’, 25 ಸಂಪುಟಗಳ ‘ವಿಶ್ವ ಕಥಾ ಕೋಶ’ ಅವರ ಸಂಪಾದಕತ್ವದಲ್ಲೇ ಬಂದವು. ಆ ದುಡಿಮೆಯ ಹಿಂದೆ ಮನೆ, ಮಕ್ಕಳು, ಕಾಯಿಲೆಯ ಗಂಡ, ತನ್ನ ಬರವಣಿಗೆ ಎಲ್ಲವನ್ನೂ ಎಳೆದ ಹೆಂಗಸಿದ್ದರು. ಆರೈಕೆ ಅನ್ನೋ ಕೆಲಸಕ್ಕೆ ಸಂಬಳ ಇಲ್ಲ, ರಜೆ ಇಲ್ಲ ಅಂತ ನಾವು ಈಗ ಘೋಷಣೆ ಮಾಡ್ತೀವಲ್ಲ, ಅದನ್ನ ಆಕೆ ಬದುಕಿ ನೋಡಿದ್ದರು. ‘ಮಾಧವಿ’ಯನ್ನ ಈ ಹಿನ್ನೆಲೆಯಲ್ಲಿ ಓದಬೇಕು. ಮಹಾಭಾರತದ ಯಯಾತಿ ತನ್ನ ಮಗಳನ್ನ ಗಾಲವನ ಗುರುದಕ್ಷಿಣೆಗೆಂದು ಕೊಟ್ಟುಬಿಡ್ತಾನೆ. ಒಂದು ಕಿವಿ ಕಪ್ಪಾದ ಬಿಳಿ ಕುದುರೆಗಳಿಗಾಗಿ ಆಕೆ ಒಬ್ಬ ರಾಜನಿಂದ ಇನ್ನೊಬ್ಬನಿಗೆ ಕೈ ಬದಲಾಗ್ತಾಳೆ. ಒಬ್ಬೊಬ್ಬರಿಗೂ ಒಂದೊಂದು ಮಗು ಹೆತ್ತು ಅಲ್ಲೇ ಬಿಟ್ಟು ಮುಂದೆ ನಡೀತಾಳೆ. ಹೆತ್ತ ತಕ್ಷಣ ಕೂಸನ್ನ ಬಿಟ್ಟು ಹೋಗುವ ತಾಯಿಯ ಮನಸ್ಸಿಗೆ ಏನಾಗುತ್ತೆ ಅಂತ ಪುರಾಣ ಕೇಳೋದಿಲ್ಲ. ಹೆರಿಗೆ, ಬಾಣಂತನ ಹತ್ತಿರದಿಂದ ಕಂಡ ವೈದ್ಯೆಯೊಬ್ಬರು ಆ ಕತೆಯನ್ನ ಕೈಗೆತ್ತಿಕೊಂಡದ್ದು ಆಕಸ್ಮಿಕ ಅಂತ ನನಗನಿಸೋದಿಲ್ಲ.

ಒಂದೇ ಊರಲ್ಲಿ ಎರಡು ಹೊಳೆ

ಅನುಪಮಾ ಬೆಂಗಳೂರಿನಲ್ಲಿ ಬರೆಯುತ್ತಿದ್ದ ಅದೇ ವರ್ಷಗಳಲ್ಲಿ, ಅದೇ ಊರಿನ ಇನ್ನೊಂದು ಮೂಲೆಯಲ್ಲಿ ಇನ್ನೊಂದು ಪ್ರಯತ್ನ ನಡೀತಿತ್ತು. 1974ರ ಕೊನೆಯಲ್ಲಿ ಹಳೆಯ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸೇರಿ ನಿಮ್ಹಾನ್ಸ್ ಆಯಿತು. 1975ರಲ್ಲಿ ಸಮುದಾಯ ಮನೋವೈದ್ಯ ಘಟಕ ಶುರುವಾಯಿತು. ಸಕಲವಾರದಲ್ಲಿ ಅದರ ಗ್ರಾಮೀಣ ಕೇಂದ್ರ. ಮನೋರೋಗಿ ಆಸ್ಪತ್ರೆಗೆ ಬರಲಿ ಅಂತ ಕಾಯೋ ಬದಲು ಪಿಎಚ್‌ಸಿ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಹಳ್ಳಿಯಲ್ಲೇ ಚಿಕಿತ್ಸೆ ಕೊಡಬಹುದಾ ಅಂತ ನೋಡಿದರು. 1978ರಲ್ಲಿ ಅಲ್ಮಾ ಅಟಾದಲ್ಲಿ ಸೇರಿದ ದೇಶಗಳು ಪ್ರಾಥಮಿಕ ಆರೋಗ್ಯವೇ ಎಲ್ಲರ ಆರೋಗ್ಯದ ದಾರಿ ಅಂದವು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಲ್ಲಿ ಚಿತ್ರದುರ್ಗದ ಪಕ್ಕದ ಬಳ್ಳಾರಿಯಲ್ಲೇ ಜಿಲ್ಲಾ ಮಟ್ಟದ ಪ್ರಯೋಗ ಶುರುವಾಯಿತು. 1996ರಿಂದ ದೇಶ ಹಿಂಬಾಲಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಇದು ನಮ್ಮ ನೆಲದ ಹೆಮ್ಮೆ, ಅನುಮಾನ ಬೇಡ. ಆದರೆ ಆ ಮಾದರಿಯಲ್ಲಿ ಒತ್ತು ಬಿದ್ದದ್ದು ಹೆಚ್ಚಾಗಿ ದೊಡ್ಡವರ ತೀವ್ರ ಮನೋರೋಗ ಮತ್ತು ಮೂರ್ಛೆರೋಗದ ಮೇಲೆ. ಅದಕ್ಕೆ ಕಾರಣವೂ ಇತ್ತು. ಹಗ್ಗ ಕಟ್ಟಿ ಕೂರಿಸಿದ ಮನುಷ್ಯನಿಗೆ ಮೊದಲು ಮಾತ್ರೆ ಸಿಗಬೇಕು. ಆದರೆ ಬಾಣಂತಿಯ ಮಂಕು, ಮಾತು ತಡವಾದ ಮಗು, ಶಾಲೆ ಬಿಟ್ಟ ಹದಿನಾಲ್ಕರ ಹುಡುಗಿ ಇವರೆಲ್ಲ ಆ ಪಟ್ಟಿಯಲ್ಲಿ ಕೆಳಗೆ ಹೋದರು. ಇನ್ನೊಂದು ಕಡೆ ಇದೇ ಬಾಣಂತಿ, ಇದೇ ಹುಡುಗಿಯ ಕುರಿತು ಬರೆಯುತ್ತಿದ್ದ ವೈದ್ಯೆಯ ಪುಸ್ತಕ ಪುಸ್ತಕದಂಗಡಿಯಲ್ಲೇ ಉಳಿಯಿತು, ಸರ್ಕಾರದ ತರಬೇತಿಯ ಕೈಪಿಡಿ ಆಗಲಿಲ್ಲ. ಎರಡು ಹೊಳೆಗಳು ಸೇರಲಿಲ್ಲ.

ಪುಸ್ತಕಕ್ಕೆ ಒಂದು ಮಿತಿ ಇದೆ, ಅದನ್ನ ನೇರವಾಗಿ ಹೇಳಬೇಕು. ಓದು ಬಂದವಳಿಗೆ, ಕೊಳ್ಳೋ ಕಾಸಿದ್ದವಳಿಗೆ, ಓದೋಕೆ ಒಂದು ಗಂಟೆ ಬಿಡುವಿದ್ದವಳಿಗೆ ಮಾತ್ರ ಅದು ಸಿಗುತ್ತೆ. ‘ಕೇಳು ಕಿಶೋರಿ’ ಪಟ್ಟಣದ ಹುಡುಗಿಯನ್ನ ತಲುಪಿದಷ್ಟು ಸುಲಭವಾಗಿ ಹಟ್ಟಿಯ ಹುಡುಗಿಯನ್ನ ತಲುಪಲಿಲ್ಲ. ಇದು ಅನುಪಮಾ ಅವರ ತಪ್ಪಲ್ಲ. ಒಬ್ಬ ವೈದ್ಯೆಯ ಪುಸ್ತಕಕ್ಕೆ ಒಂದು ಇಲಾಖೆಯ ಕೆಲಸ ಹೊರಿಸಿ ಸುಮ್ಮನಾದದ್ದು ನಮ್ಮ ವ್ಯವಸ್ಥೆಯ ತಪ್ಪು.

ಧರ್ಮಪುರದಿಂದ ನೋಡಿದರೆ

ಧರ್ಮಪುರ ಹಿರಿಯೂರು ತಾಲೂಕಿನ ಹೋಬಳಿ ಕೇಂದ್ರ, ಆಂಧ್ರದ ಗಡಿಗೆ ಅಂಟಿಕೊಂಡ ಊರು. ಹಳೆಯ ದೊಡ್ಡ ಕೆರೆ, ಆ ಕೆರೆಗೆ ನೀರು ತನ್ನಿ ಅಂತ ದಶಕಗಳ ಕೂಗು. ಮಳೆ ಕೈಕೊಟ್ಟರೆ ಗುಳೆ. ಇಂಥ ಊರಿನಲ್ಲಿ ಮಗುವಿನ ಮನಸ್ಸಿನ ವಿಷಯ ಎತ್ತಿದರೆ, ಮೊದಲು ನೀರು ಕೊಡಿ, ಆಮೇಲೆ ಮನಸ್ಸು ನೋಡೋಣ ಅನ್ನಿಸೋದು ಸಹಜ. ಆದರೆ ಅಪ್ಪ ಅಮ್ಮ ಬೆಂಗಳೂರಿಗೆ ಕೂಲಿಗೆ ಹೋದಾಗ ಅಜ್ಜಿಯ ಜೊತೆ ಉಳಿಯುವ ಮಗುವಿಗೆ ನೀರಿನ ಪ್ರಶ್ನೆ ಮತ್ತು ಮನಸ್ಸಿನ ಪ್ರಶ್ನೆ ಬೇರೆ ಬೇರೆ ಅಲ್ಲ. ಬರ ಮೊದಲು ಮನೆಗೆ ಬರುತ್ತೆ, ಆಮೇಲೆ ಮಗುವಿನ ನಿದ್ದೆಗೆ.

ಹಿರಿಯೂರು, ಚಳ್ಳಕೆರೆ, ಶಿರಾ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹುಡುಗಿಯನ್ನೂ ಬಾಣಂತಿ ಕೂಸನ್ನೂ ಸೂತಕ ಅಂತ ಹಟ್ಟಿಯ ಹೊರಗೆ ಇಡುವ ರೂಢಿ ಪೂರ್ತಿ ಹೋಗಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಊರ ಹೊರಗಿನ ಗುಡಿಸಲಿನಲ್ಲಿ ತಾಯಿಯ ಜೊತೆ ಇಟ್ಟಿದ್ದ ಹಸುಗೂಸು ಮಳೆ ಚಳಿಗೆ ಸಿಕ್ಕಿ ತೀರಿಕೊಂಡಿತು. ಆಗ ಎಲ್ಲರೂ ಮಾತಾಡಿದ್ದು ಶೀತದ ಬಗ್ಗೆ. ಹೆರಿಗೆಯ ಗಾಯ ಆರದ ಹೆಂಗಸು ಒಬ್ಬಳೇ ಗುಡಿಸಲಿನಲ್ಲಿ ರಾತ್ರಿ ಕಳೆಯುವಾಗ ಆಕೆಯ ಮನಸ್ಸಿಗೆ ಏನಾಗಿತ್ತು ಅಂತ ಕೇಳಿದವರು ಕಮ್ಮಿ. ಸರ್ಕಾರ ಹಟ್ಟಿಗಳ ಪಕ್ಕ ‘ಕೃಷ್ಣ ಕುಟೀರ’ ಅಂತ ಕಟ್ಟಡ ಕಟ್ಟಿಸಿತು. ಗುಡಿಸಲಿಗಿಂತ ಗೋಡೆ ವಾಸಿ, ಸರಿ. ಆದರೆ ಒಂಟಿತನಕ್ಕೆ ಸಿಮೆಂಟು ಮದ್ದಲ್ಲ. ಇದನ್ನ ಹೇಳುವಾಗ ಒಂದು ಸಮುದಾಯವನ್ನ ಕಟಕಟೆಗೆ ನಿಲ್ಲಿಸೋ ಚಟವೂ ಬೇಡ. ಪಟ್ಟಣದ ಮನೆಗಳಲ್ಲೂ ಬಾಣಂತಿಯ ಕಣ್ಣೀರಿಗೆ ಹಾಲು ಕಮ್ಮಿಯಾಗುತ್ತೆ ಅಳಬೇಡ ಅನ್ನೋದಕ್ಕಿಂತ ಹೆಚ್ಚಿನ ಉತ್ತರ ಸಿಗೋದಿಲ್ಲ.

ಎಲ್ಲ ಇದೆ, ಹೊಲಿಗೆ ಇಲ್ಲ

ಹಾಗಂತ ಏನೂ ಇಲ್ಲ ಅನ್ನೋ ಹಾಗಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ ಆಶಾ ಕಾರ್ಯಕರ್ತೆ 42 ದಿನದೊಳಗೆ ಆರು ಸಲ ಹೋಗಬೇಕು. ಆಮೇಲೆ ಮಗುವಿಗೆ 3, 6, 9, 12, 15 ತಿಂಗಳಾದಾಗ ಮತ್ತೆ ಹೋಗಬೇಕು. ಲಸಿಕೆಗೆ ಮಗು ಆರು, ಹತ್ತು, ಹದಿನಾಲ್ಕನೇ ವಾರದಲ್ಲಿ, ಒಂಬತ್ತನೇ ತಿಂಗಳಲ್ಲಿ, ಒಂದೂವರೆ ವರ್ಷದ ಸುಮಾರಿಗೆ, ಐದರಲ್ಲಿ, ಹತ್ತರಲ್ಲಿ, ಹದಿನಾರರಲ್ಲಿ ಬರುತ್ತೆ. ತಾಯಿ ಕಾರ್ಡಿನಲ್ಲಿ ಮಗು ಯಾವಾಗ ನಗಬೇಕು, ಯಾವಾಗ ಕೂರಬೇಕು, ಯಾವಾಗ ಮಾತಾಡಬೇಕು ಅಂತ ಚಿತ್ರಗಳೇ ಇವೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬಂದು ತಪಾಸಣೆ ಮಾಡಬೇಕು. ಬೆಳವಣಿಗೆಯ ವಿಳಂಬ, ಆಟಿಸಂ, ಕಲಿಕೆಯ ತೊಂದರೆ ಆ ಪಟ್ಟಿಯಲ್ಲಿವೆ. ಹದಿಹರೆಯದವರಿಗೆ ‘ಸ್ನೇಹ ಕ್ಲಿನಿಕ್’ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ಸೇವೆಯನ್ನ ಹಕ್ಕು ಅನ್ನುತ್ತೆ, ಅದನ್ನ ಪ್ರಾಥಮಿಕ ಹಂತದಿಂದಲೇ ಸಾಮಾನ್ಯ ಆರೋಗ್ಯ ಸೇವೆಯೊಳಗೆ ಸೇರಿಸಬೇಕು ಅನ್ನುತ್ತೆ. 2022ರ ಅಕ್ಟೋಬರಿನಿಂದ 14416 ಅನ್ನೋ ಟೆಲಿ ಮಾನಸ್ ನಂಬರಿಗೆ ಯಾವ ಹೊತ್ತಿನಲ್ಲೂ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಬಟ್ಟೆ ಎಲ್ಲ ಇದೆ, ಹೊಲಿಗೆ ಬಿದ್ದಿಲ್ಲ. ಮಗು ಸೂಜಿಗೆ ಬಂದಾಗ ತೂಕ ನೋಡ್ತಾರೆ. ತಾಯಿಯನ್ನ ಕೂರಿಸಿ, ಎರಡು ವಾರದಿಂದ ಮನಸ್ಸು ಕುಗ್ಗಿದೆಯಾ, ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸ್ತಿದೆಯಾ ಅಂತ ಕೇಳೋಕೆ ಎರಡು ನಿಮಿಷ ಸಾಕು. ಖಿನ್ನತೆಯ ಮೊದಲ ಜರಡಿಗೆ ಪ್ರಪಂಚದ ಎಷ್ಟೋ ಕಡೆ ಬಳಸೋದು ಈ ಎರಡೇ ಪ್ರಶ್ನೆ. ಅದನ್ನ ಕೇಳಬೇಕಾದ ನರ್ಸಿನ ಕೈಯಲ್ಲಿ ಆ ಹೊತ್ತಿಗೆ ಹತ್ತಾರು ರಿಜಿಸ್ಟರು, ಒಂದು ಟ್ಯಾಬ್, ಹೊರಗೆ ಉದ್ದದ ಸಾಲು. ಕೇಳಿದಳು, ತಾಯಿ ಹೌದು ಅಂದಳು ಅಂತಲೇ ಇಟ್ಟುಕೊಳ್ಳಿ. ಮುಂದೆ? ಜಿಲ್ಲಾಸ್ಪತ್ರೆಗೆ ಚೀಟಿ. ಧರ್ಮಪುರದಿಂದ ಹಿರಿಯೂರು, ಅಲ್ಲಿಂದ ಇನ್ನೂ ಸುಮಾರು 40 ಕಿಲೋಮೀಟರ್ ಚಿತ್ರದುರ್ಗ. ಒಂದು ದಿನದ ಕೂಲಿ, ಇಬ್ಬರ ಬಸ್ಸು, ಮನೆಯಲ್ಲಿ ಇನ್ನೊಂದು ಮಗು. ಬಸ್ ಟಿಕೆಟ್ಟು ಹೆಂಗಸರಿಗೆ ಪುಕ್ಕಟೆಯಾದರೂ ಹೋದ ದಿನ ಪುಕ್ಕಟೆ ಅಲ್ಲ. ಆ ಚೀಟಿ ಸೀರೆಯ ಗಂಟಿನಲ್ಲೇ ಉಳಿಯುತ್ತೆ.

ಜೋಡಿಸೋದು ಅಂದರೆ ಈ ಚೀಟಿಯ ದಾರಿಯನ್ನ ಕಮ್ಮಿ ಮಾಡೋದು. ವಾರಕ್ಕೆ ಒಂದು ದಿನವಾದರೂ ತರಬೇತಾದ ಆಪ್ತಸಮಾಲೋಚಕಿ ಹೋಬಳಿಯ ಆಸ್ಪತ್ರೆಯಲ್ಲೇ, ಲಸಿಕೆಯ ದಿನವೇ ಕೂರಬೇಕು. ಪಿಎಚ್‌ಸಿ ಡಾಕ್ಟರಿಗೆ ಅನುಮಾನ ಬಂದರೆ ಜಿಲ್ಲೆಯ ಮನೋವೈದ್ಯರ ಜೊತೆ ಫೋನಿನಲ್ಲಿ ಮಾತಾಡಿ ಅಲ್ಲೇ ಚಿಕಿತ್ಸೆ ಶುರು ಮಾಡುವ ವ್ಯವಸ್ಥೆ ಬೇಕು. ಆಶಾ ಕಾರ್ಯಕರ್ತೆ ಮುಂದಿನ ಭೇಟಿಯಲ್ಲಿ ವಿಚಾರಿಸಬೇಕು, ಆ ಕೆಲಸಕ್ಕೆ ಆಕೆಗೆ ದುಡ್ಡು ಸಿಗಬೇಕು. ಮನೋರೋಗಿ ಅನ್ನೋ ಹಣೆಪಟ್ಟಿಯ ಭಯವೂ ಹೀಗೆ ಕಮ್ಮಿಯಾಗುತ್ತೆ. ಮಗುವಿಗೆ ಸೂಜಿ ಹಾಕಿಸೋಕೆ ಹೋದವಳನ್ನ ನೋಡಿ ಯಾರೂ ಹುಚ್ಚಾಸ್ಪತ್ರೆಗೆ ಹೋದಳು ಅನ್ನೋದಿಲ್ಲವಲ್ಲ.

ಲೆಕ್ಕವೂ ಬೇಕು. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ಆರೋಗ್ಯದ ತೊಂದರೆ ಇದೆ ಅಂತ ಕಂಡಿತು. ಮುಖ್ಯ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಸಮೀಕ್ಷೆ ಮಾಡಿಸಿದ ಸಂಸ್ಥೆ ನಮ್ಮ ಊರಿನದ್ದು, ಎಣಿಕೆಯಾದ ಮಕ್ಕಳು ಬೇರೆ ರಾಜ್ಯದವರು.

ಕೊನೆಯ ಪುಸ್ತಕಗಳು

ಅನುಪಮಾ ಅವರಿಗೆ ಕ್ಯಾನ್ಸರ್ ಬಂತು. ಅಲ್ಲಿಯವರೆಗೆ ಬೇರೆಯವರ ಮೈ ಮುಟ್ಟಿ ನೋಡುತ್ತಿದ್ದ ವೈದ್ಯೆ ಈಗ ರೋಗಿಯ ಮಂಚದಲ್ಲಿ. ಆ ಹೆಸರನ್ನ ಮನೆಯವರ ಮುಂದೆಯೂ ಹೇಳದೆ ಮುಚ್ಚಿಡುತ್ತಿದ್ದ ಕಾಲದಲ್ಲಿ ಆಕೆ ಕಾಯಿಲೆಯ ಬಗ್ಗೆಯೇ ಪುಸ್ತಕ ಬರೆದರು. ನಾಚಿಕೆಯಿಂದ ಮುಚ್ಚಿಟ್ಟದ್ದು ಹೆಚ್ಚು ಕೊಲ್ಲುತ್ತೆ ಅನ್ನೋದು ಮುಟ್ಟಿನ ವಿಷಯದಲ್ಲೂ ನಿಜ, ಮನಸ್ಸಿನ ವಿಷಯದಲ್ಲೂ ನಿಜ, ಗಡ್ಡೆಯ ವಿಷಯದಲ್ಲೂ ನಿಜ. 1991ರ ಫೆಬ್ರವರಿ 15ರಂದು, 56ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಕರ್ನಾಟಕ ಲೇಖಕಿಯರ ಸಂಘ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತೆ. ಲೇಖಕಿಯಾಗಿ ಅವರು ಉಳಿದಿದ್ದಾರೆ.

ವೈದ್ಯೆಯಾಗಿ ಉಳಿಸಿಕೊಳ್ಳೋದು ನಮ್ಮ ಕೈಲಿದೆ, ಅದಕ್ಕೆ ಪ್ರತಿಮೆ ಬೇಕಾಗಿಲ್ಲ. ಮುಂದಿನ ಸಲ ನಿಮ್ಮ ಕ್ಷೇತ್ರದ ಶಾಸಕರು ಹೋಬಳಿ ಆಸ್ಪತ್ರೆಯ ಹೊಸ ಕಟ್ಟಡಕ್ಕೆ ಗುದ್ದಲಿ ಪೂಜೆಗೆ ಬಂದಾಗ ಮೂರು ಪ್ರಶ್ನೆ ಕೇಳಿ. ಲಸಿಕೆಯ ದಿನ ಇಲ್ಲಿ ತಾಯಿಯ ಮನಸ್ಸನ್ನ ವಿಚಾರಿಸುವವರು ಯಾರು? ಬಾಲ ಸ್ವಾಸ್ಥ್ಯ ತಂಡ ಕಳೆದ ವರ್ಷ ಗುರುತಿಸಿದ ಮಕ್ಕಳಲ್ಲಿ ಎಷ್ಟು ಜನ ಜಿಲ್ಲಾಸ್ಪತ್ರೆ ತಲುಪಿದರು? ಸ್ನೇಹ ಕ್ಲಿನಿಕ್ಕಿನ ಬಾಗಿಲು ವಾರದಲ್ಲಿ ಎಷ್ಟು ದಿನ ತೆರೆದಿರುತ್ತೆ? ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು. ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಈ ಮೂರು ಪ್ರಶ್ನೆ ಬರೆಸೋದಕ್ಕೆ ಅದೂ ಬೇಡ.